ಬರೆದುಕೊಡುವ ಮುಂಚೆ

ಚಿತ್ರದುರ್ಗ ಜಿಲ್ಲೆಯಲ್ಲಿ ತಾಲ್ಲೂಕುಗಳು ಆರಿದ್ದರೂ ಕಂದಾಯ ಉಪವಿಭಾಗ ಒಂದೇ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಎಂದು ದೂರು ಕೊಡಬೇಕಾದ ಹಿರಿಯೂರಿನ ಅಜ್ಜನಾಗಲಿ, ಹೊಳಲ್ಕೆರೆಯ ಅಜ್ಜಿಯಾಗಲಿ, ಹೊಸದುರ್ಗದ ಗಡಿಹಳ್ಳಿಯಲ್ಲಿ ಒಬ್ಬಳೇ ಇರುವ ವಿಧವೆಯಾಗಲಿ, ಎಲ್ಲರೂ ಬಸ್ಸು ಹತ್ತಿ ದುರ್ಗಕ್ಕೇ ಬರಬೇಕು. ಅಲ್ಲಿನ ಉಪವಿಭಾಗಾಧಿಕಾರಿಯೇ 2007ರ ‘ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ’ಯ ಕೆಳಗಿನ ನ್ಯಾಯಮಂಡಳಿಯ ಅಧ್ಯಕ್ಷರು. ಜನರ ಬಾಯಲ್ಲಿ ಅದು ಎಸಿ ಕೋರ್ಟು.

ಈ ಕಾಯ್ದೆಯ ಹೆಸರು ಹಳ್ಳಿಗಳನ್ನು ಮುಟ್ಟಿದೆ, ಒಳಗಿನ ಷರತ್ತು ಮುಟ್ಟಿಲ್ಲ. ‘ಮಕ್ಕಳು ಊಟ ಹಾಕದಿದ್ದರೆ ಕೊಟ್ಟ ಜಮೀನು ವಾಪಸ್ ಬರುತ್ತದಂತೆ’ ಎಂಬ ಮಾತು ಹಾಲಿನ ಡೇರಿಯಿಂದ ಹಿಡಿದು ಮದುವೆ ಛತ್ರದವರೆಗೆ ಎಲ್ಲ ಕಡೆ ಕೇಳಿಸುತ್ತದೆ. ಬರುತ್ತದೆ, ನಿಜ. ಆದರೆ ತಾನಾಗಿ ಬರುವುದಿಲ್ಲ. ಕಾಯ್ದೆಯ 23ನೇ ಕಲಂ ಹೇಳುವುದು ಹೀಗೆ: ಹಿರಿಯರು ದಾನಪತ್ರದ ಮೂಲಕವೋ ಬೇರೆ ರೀತಿಯಲ್ಲೋ ಆಸ್ತಿ ಕೊಡುವಾಗ ‘ನನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಇರಬೇಕು. ಪಡೆದವರು ಆ ಷರತ್ತನ್ನು ಮುರಿದಾಗ ಮಾತ್ರ ಆ ವರ್ಗಾವಣೆಯನ್ನು ಮೋಸದಿಂದ ಅಥವಾ ಒತ್ತಡದಿಂದ ಆದದ್ದೆಂದು ಭಾವಿಸಿ, ಕೊಟ್ಟವರು ಬಯಸಿದರೆ, ನ್ಯಾಯಮಂಡಳಿ ರದ್ದು ಮಾಡಬಹುದು.

ಷರತ್ತೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. 2022ರ ಡಿಸೆಂಬರಿನ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹರಿಯಾಣದ ತಾಯಿಯೊಬ್ಬರು ಹೆಣ್ಣುಮಕ್ಕಳಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿದ್ದರು. ನೋಡಿಕೊಳ್ಳಬೇಕೆಂಬ ಷರತ್ತು ಅದರಲ್ಲಿ ಇರಲಿಲ್ಲ. ಪ್ರೀತಿಯಿಂದ ಕೊಡುವಾಗ ಇಂಥ ಷರತ್ತು ಇದ್ದೇ ಇರುತ್ತದೆಂದು ಊಹಿಸಲಾಗದು ಎಂದ ಕೋರ್ಟು ತಾಯಿಯ ಕೈಹಿಡಿಯಲಿಲ್ಲ. 2025ರ ಜನವರಿ 2ರಂದು ಬಂದ ಊರ್ಮಿಳಾ ದೀಕ್ಷಿತ್ ತೀರ್ಪಿನಲ್ಲಿ ಮಧ್ಯಪ್ರದೇಶದ ತಾಯಿ ಗೆದ್ದರು. ದಾನಪತ್ರದ ಜೊತೆಗೆ ಮಗ ‘ಸಾಯುವವರೆಗೂ ನೋಡಿಕೊಳ್ಳುತ್ತೇನೆ, ತಪ್ಪಿದರೆ ವಾಪಸ್ ತೆಗೆದುಕೊಳ್ಳಬಹುದು’ ಎಂಬರ್ಥದ ವಚನಪತ್ರವನ್ನೂ ಬರೆದುಕೊಟ್ಟಿದ್ದಾನೆಂದು ತಾಯಿ ಹೇಳಿದ್ದರು. ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾನೂನು, ಉದಾರವಾಗಿಯೇ ಅರ್ಥ ಮಾಡಬೇಕು ಎಂದು ಕೋರ್ಟು ಹೇಳಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಎರಡನೆಯ ತೀರ್ಪು. ಅದನ್ನು ಓದಿ ಧೈರ್ಯ ತಂದುಕೊಂಡವರು ಆ ತಾಯಿಯ ಕೈಯಲ್ಲಿ ಒಂದು ಕಾಗದ ಇತ್ತೆಂಬುದನ್ನು ಮರೆಯಬಾರದು.

ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಗಳ ಎದುರು ಬರೆಸುವ ದಾನಪತ್ರಗಳಲ್ಲಿ ಒಂದು ಮಾಮೂಲು ಒಕ್ಕಣೆ ಇರುತ್ತದೆ: ‘ಪ್ರೀತಿ ವಿಶ್ವಾಸದಿಂದ, ಯಾರ ಒತ್ತಡವೂ ಇಲ್ಲದೆ, ಸ್ವ ಇಚ್ಛೆಯಿಂದ’ ಕೊಟ್ಟಿರುತ್ತೇನೆ, ಇನ್ನು ಮುಂದೆ ಈ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ. ಪತ್ರ ಬರಹಗಾರರು ಕೆಟ್ಟವರಲ್ಲ, ಅವರಲ್ಲಿರುವ ನಮೂನೆ ಹಾಗಿದೆ ಅಷ್ಟೆ. ಆದರೆ ಎಪ್ಪತ್ತು ದಾಟಿದ ಮನುಷ್ಯ ತನ್ನ ತೋಟವನ್ನು ಕೊಡುತ್ತಿರುವಾಗ ಆ ನಮೂನೆ ಸಾಲದು. ಇಷ್ಟನ್ನು ಸೇರಿಸಲು ಹೇಳಿ: ‘ದಾನ ಪಡೆದವರು ನನಗೂ ನನ್ನ ಹೆಂಡತಿಗೂ ನಮ್ಮ ಜೀವಮಾನ ಪರ್ಯಂತ ಊಟ, ಬಟ್ಟೆ, ವಸತಿ ಮತ್ತು ಔಷಧೋಪಚಾರ ಒದಗಿಸತಕ್ಕದ್ದು. ಈ ಮನೆಯಲ್ಲಿ ವಾಸಿಸುವ ಮತ್ತು ತೋಟದ ಆದಾಯ ಅನುಭವಿಸುವ ಹಕ್ಕು ನಾವಿಬ್ಬರೂ ಇರುವವರೆಗೆ ನಮ್ಮದಾಗಿರುತ್ತದೆ. ತಪ್ಪಿದಲ್ಲಿ ಈ ಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ನಮಗೆ ಇರುತ್ತದೆ.’

ಷರತ್ತು ಪತ್ರದೊಳಗೇ ಇರಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮಗ ಆ ಜಮೀನನ್ನು ಮೂರನೆಯವರಿಗೆ ಮಾರಿದನೆನ್ನಿ. ದುಡ್ಡು ಕೊಟ್ಟು, ತಂದೆ-ತಾಯಿಯ ಹಕ್ಕಿನ ಸುಳಿವೇ ಇಲ್ಲದೆ ಕೊಂಡವನ ಮೇಲೆ ಆ ಜಮೀನಿನ ಆದಾಯದಿಂದ ಜೀವನಾಂಶ ಕೇಳಲು ಕಾನೂನು ಬಿಡುವುದಿಲ್ಲ. ಕೊಳ್ಳುವವನು ಹಿಂದಿನ ಪತ್ರಗಳನ್ನು ತೆಗೆಸಿ ನೋಡಿಯೇ ನೋಡುತ್ತಾನೆ. ನೋಂದಾಯಿತ ಪತ್ರದಲ್ಲೇ ಷರತ್ತು ಇದ್ದರೆ ‘ನನಗೆ ಗೊತ್ತಿರಲಿಲ್ಲ’ ಎನ್ನಲು ಅವನಿಗೆ ಬಾಯಿರುವುದಿಲ್ಲ. ಷರತ್ತಿಲ್ಲದೆ ಒಮ್ಮೆ ನೋಂದಾಯಿಸಿದ ದಾನಪತ್ರವನ್ನಂತೂ, ಮನಸ್ಸು ಬದಲಾಯಿತೆಂದು ಕೊಟ್ಟವರೊಬ್ಬರೇ ಹೋಗಿ ರದ್ದು ಮಾಡಿಸಲು ಆಗುವುದಿಲ್ಲ. ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅಲ್ಲಿಯ ಕಾಲಗಣನೆ ಎಲ್ಲರಿಗೂ ಗೊತ್ತಿದ್ದದ್ದೇ.

ಇಷ್ಟಾದ ಮೇಲೂ ನನ್ನ ಅಭಿಪ್ರಾಯ ಕೇಳಿದರೆ, ಷರತ್ತು ಹಾಕಿದ ದಾನಪತ್ರಕ್ಕಿಂತ ದಾನವನ್ನೇ ಮಾಡದಿರುವುದು ಮೇಲು. ಬದುಕಿರುವಾಗಲೇ ಹಂಚಿಬಿಟ್ಟರೆ ನೆಮ್ಮದಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಗನಿಗೆ ಸೊಸೈಟಿಯಲ್ಲಿ ಬೆಳೆ ಸಾಲ ಬೇಕು, ಅಡಿಕೆಗೆ ಡ್ರಿಪ್ ಹಾಕಿಸಲು ಸಬ್ಸಿಡಿ ಬೇಕು, ಹೆಣ್ಣು ಕೊಡುವವರು ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳುತ್ತಾರೆ. ಹೀಗೆ ಒಂದಲ್ಲ ಒಂದು ಕಾರಣಕ್ಕೆ ಖಾತೆ ಬದಲಾಗುತ್ತದೆ. ಕಾರಣಗಳು ಸುಳ್ಳಲ್ಲ. ಆದರೆ ಮಗನಿಗೆ ಬೇಕಾದದ್ದು ಎರಡು ಎಕರೆಯ ಖಾತೆ, ಅಪ್ಪ ಬರೆದುಕೊಡುವುದು ಎಲ್ಲವನ್ನೂ. ಉಳಿದದ್ದಕ್ಕೆ ಉಯಿಲು ಬರೆದಿಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಉಯಿಲು ಜಾರಿಗೆ ಬರುವುದು ಬರೆದವರು ಹೋದ ಮೇಲೆ. ಅಲ್ಲಿಯವರೆಗೆ ಒಡೆತನ ಅವರದೇ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ‘ಮಕ್ಕಳ ಮೇಲೆ ನಂಬಿಕೆ ಇಲ್ಲವೇ’ ಎಂಬ ಪ್ರಶ್ನೆ ಬಂದಾಗ ನಾಚಿಕೊಂಡು ಸಹಿ ಹಾಕುವವರೇ ಹೆಚ್ಚು. ಇದು ನಂಬಿಕೆಯ ವಿಷಯವಲ್ಲ. ಮಗನೇ ಅಪ್ಪನಿಗಿಂತ ಮೊದಲು ತೀರಿಕೊಂಡರೆ, ಸಾಲಗಾರರು ಅವನ ಹೆಸರಿನ ಜಮೀನನ್ನು ಜಪ್ತಿ ಮಾಡಿಸಿದರೆ, ಒಳ್ಳೆಯ ಮಗನಿದ್ದೂ ಮುದುಕರು ಬೀದಿಗೆ ಬರುತ್ತಾರೆ.

ಕೊಡುವ ಮಾತಿಗೆ ಮೊದಲು, ಏನನ್ನು ಕೊಡಲು ನಮಗೆ ಹಕ್ಕಿದೆ ಎಂಬುದನ್ನು ತಿಳಿಯಬೇಕು. ಹೊಸದುರ್ಗ ತಾಲ್ಲೂಕಿನ ಒಂದು ಹಿಂದೂ ಕುಟುಂಬ ಎಂದಿಟ್ಟುಕೊಳ್ಳಿ: ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬಳು ಮಗಳು, ಎಂಟು ಎಕರೆ ತೆಂಗಿನ ತೋಟ. ತೋಟ ಅಪ್ಪನ ಸ್ವಯಾರ್ಜಿತವಾಗಿದ್ದು, ಉಯಿಲಿಲ್ಲದೆ ಆತ ತೀರಿಕೊಂಡರೆ, ಹೆಂಡತಿ ಮತ್ತು ಮೂವರು ಮಕ್ಕಳಿಗೆ ತಲಾ ಎರಡು ಎಕರೆ. ಅದೇ ತೋಟ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆ. ಮೊದಲು ಅಪ್ಪ ಮತ್ತು ಮೂವರು ಮಕ್ಕಳ ನಡುವೆ ನಾಲ್ಕು ಪಾಲು, ತಲಾ ಎರಡು ಎಕರೆ. ದಕ್ಷಿಣ ಭಾರತದ ಸಂಪ್ರದಾಯದಲ್ಲಿ ಈ ಹಂತದಲ್ಲಿ ಹೆಂಡತಿಗೆ ಪಾಲಿಲ್ಲ. ಆಮೇಲೆ ತೀರಿಕೊಂಡ ಅಪ್ಪನ ಎರಡು ಎಕರೆಯನ್ನು ಅಮ್ಮ ಮತ್ತು ಮೂವರು ಮಕ್ಕಳಿಗೆ ಹಂಚಬೇಕು, ತಲಾ ಇಪ್ಪತ್ತು ಗುಂಟೆ. ಮಕ್ಕಳಿಗೆ ಎರಡೂವರೆ ಎಕರೆಯಾದರೆ, ನಲವತ್ತು ವರ್ಷ ಅದೇ ತೋಟಕ್ಕೆ ನೀರು ಕಟ್ಟಿದ ಅಮ್ಮನಿಗೆ ಇಪ್ಪತ್ತು ಗುಂಟೆ. (ಅಪ್ಪನ ತಾಯಿ ಬದುಕಿದ್ದರೆ ಆಕೆಗೂ ಸಮಪಾಲು ಹೋಗಿ ಇನ್ನೂ ಕಡಿಮೆ.)

ಇದನ್ನು ಸರಿಪಡಿಸುವ ಅಧಿಕಾರ ಅಪ್ಪನ ಕೈಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ಪಿತ್ರಾರ್ಜಿತದಲ್ಲಿ ತನ್ನ ಪಾಲಿನಷ್ಟನ್ನು, ಅಂದರೆ ಇಲ್ಲಿ ಎರಡು ಎಕರೆಯನ್ನು, ಆತ ಪೂರ್ತಿಯಾಗಿ ಹೆಂಡತಿಗೆ ಉಯಿಲು ಬರೆಯಬಹುದು. ಮಕ್ಕಳು ಹೇಗೂ ತಮ್ಮ ಪಾಲು ಪಡೆಯುತ್ತಾರೆ. ಅಮ್ಮ ಇಪ್ಪತ್ತು ಗುಂಟೆಯಿಂದ ಎರಡು ಎಕರೆಗೆ ಏರುತ್ತಾಳೆ. ಇಡೀ ಈ ವಿಷಯದಲ್ಲಿ ಒಂದೇ ಒಂದು ಕೆಲಸ ಮಾಡಿ ಎಂದರೆ ನಾನು ಹೇಳುವುದು ಇದನ್ನೇ. ‘ಎಲ್ಲಾ ಎಂಟು ಎಕರೆಯನ್ನೂ ದೊಡ್ಡ ಮಗನಿಗೆ ಬರೆದಿದ್ದೇನೆ’ ಎಂಬ ಉಯಿಲು ಮಾತ್ರ ಪಿತ್ರಾರ್ಜಿತದ ಮಟ್ಟಿಗೆ ನಿಲ್ಲುವುದಿಲ್ಲ. ತನ್ನದಲ್ಲದ ಆರು ಎಕರೆಯನ್ನು ಯಾರೂ ಬರೆದುಕೊಡಲಾರರು. ತಾತನ ಸ್ವಯಾರ್ಜಿತ ಜಮೀನು 1956ರ ನಂತರ ಉತ್ತರಾಧಿಕಾರದ ಮೂಲಕ ಅಪ್ಪನಿಗೆ ಬಂದಿದ್ದರೆ ಅದು ಅಪ್ಪನ ಸ್ವಂತದ್ದಾಗುತ್ತದೆಯೇ ಹೊರತು ಪಿತ್ರಾರ್ಜಿತ ಆಗುವುದಿಲ್ಲ ಎಂದು 1986ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ‘ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ’ ಎಂಬ ಜಗುಲಿ ಕಾನೂನು ಅರ್ಧ ಮಾತ್ರ ಸರಿ.

ಮಗಳ ಪಾಲಿನ ಬಗ್ಗೆ ಇನ್ನೂ ಅನುಮಾನಪಡುವವರಿಗೆ ಸ್ವಲ್ಪ ಚರಿತ್ರೆ. ನಮ್ಮ ಜಿಲ್ಲೆಯ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು. 1933ರಲ್ಲೇ ಮೈಸೂರು ಸರ್ಕಾರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಕೂಡುಕುಟುಂಬದ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ಸಿಕ್ಕಿದ್ದು 1937ರಲ್ಲಿ. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ತಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಇದೆ ಎಂದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ಪಾಲು ಮಾತ್ರ ಅಲುಗುವುದಿಲ್ಲ. ‘ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ’ ಎಂಬ ವಾದವನ್ನು ಸರ್ಕಾರಿ ದಾಖಲೆಯಂಥ ಗಟ್ಟಿ ಆಧಾರವಿಲ್ಲದೆ ಒಪ್ಪಬಾರದು ಎಂದೂ ಅದೇ ತೀರ್ಪು ಎಚ್ಚರಿಸಿದೆ. ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಛಾಪಾ ಕಾಗದದ ಮೇಲೆ ಹಾಕಿಸಿಕೊಂಡ ಸಹಿಗೆ, ನೋಂದಣಿಯಾಗದಿದ್ದರೆ, ಹಕ್ಕು ಬಿಡಿಸುವ ಬಲವಿಲ್ಲ.

ಹತ್ತು-ಹದಿನೈದು ವರ್ಷದ ಹಿಂದೆ ಇದೆಲ್ಲ ಇಲ್ಲಿ ಅಷ್ಟು ಬಿಸಿಯಾಗಿರಲಿಲ್ಲ. ಬೋರ್‌ವೆಲ್ ಬತ್ತಿ, ತೆಂಗು ಒಣಗಿ ನಿಂತ ತೋಟಕ್ಕಾಗಿ ಅಣ್ಣನ ಜೊತೆ ಜಗಳವಾಡಲು ಯಾವ ತಂಗಿಯೂ ಬರುತ್ತಿರಲಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಕಾಲುವೆಗಳಿಗೆ ನೀರು ಬಂತು. ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆ, ತುಮಕೂರು-ದಾವಣಗೆರೆ ಹೊಸ ರೈಲು ಮಾರ್ಗ, ಅಗಲವಾಗುತ್ತ ಹೋದ ಹೆದ್ದಾರಿ, ಗುಡ್ಡಗಳ ಮೇಲಿನ ಗಾಳಿಯಂತ್ರಗಳು. ಬೆಲೆಯಿಲ್ಲದ ಭೂಮಿಗೆ ಬೆಲೆ ಬಂತು, ಪರಿಹಾರದ ಹಣ ಬಂತು. ಹಣ ಬಂದಾಗಲೇ ಪಹಣಿ ಇನ್ನೂ ಮುತ್ತಾತನ ಹೆಸರಿನಲ್ಲಿದೆ ಎಂದು ಗೊತ್ತಾಗುವುದು.

ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಯನ್ನು ಎರಡು ತಲೆಮಾರು ಮುಂದೂಡಿದ ಮನೆಗಳು ಎಷ್ಟೋ ಇವೆ. ಒಬ್ಬ ಮುತ್ತಾತನಿಗೆ ಮೂವತ್ತು ಮರಿಮಕ್ಕಳು. ಅರ್ಧ ಜನ ಬೆಂಗಳೂರಿನಲ್ಲಿ, ಕೆಲವರ ಪತ್ತೆಯಿಲ್ಲ. ಭೂಸ್ವಾಧೀನದಲ್ಲಿ ಯಾರ ಪಾಲು ಎಷ್ಟೆಂಬ ತಕರಾರು ಎದ್ದರೆ ಹಣ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ. 2025ರಲ್ಲಿ ಕಂದಾಯ ಇಲಾಖೆ ಗ್ರಾಮ ಆಡಳಿತಾಧಿಕಾರಿಗಳನ್ನೇ ಮನೆಬಾಗಿಲಿಗೆ ಕಳಿಸುವ ಇ-ಪೌತಿ ಆಂದೋಲನ ಶುರುಮಾಡಿತು. ಒಳ್ಳೆಯ ಕೆಲಸ. ಅದರಲ್ಲಿ ವಂಶವೃಕ್ಷ ಬರೆಸುವ ಗಳಿಗೆಯನ್ನು ಮಾತ್ರ ಮನೆಯ ಹಿರಿಯ ಹೆಣ್ಣುಮಕ್ಕಳು ಕಣ್ಣಿಟ್ಟು ಕಾಯಬೇಕು. ಹೆಣ್ಣುಮಕ್ಕಳ ಹೆಸರು, ತೀರಿಕೊಂಡ ಮಗನ ಹೆಂಡತಿಯ ಹೆಸರು ಜಾರಿಹೋಗುವುದು ಅಲ್ಲೇ. ಪಹಣಿಯಲ್ಲಿ ಹೆಸರಿಲ್ಲದಿದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂದು ವಕೀಲರು ಹೇಳುತ್ತಾರೆ, ಸರಿಯೇ. ಆದರೆ ಹೆಸರಿದ್ದವನು ಮಾರಬಲ್ಲ, ಸಾಲ ತೆಗೆಯಬಲ್ಲ. ಹೆಸರಿಲ್ಲದವಳು ದಾವೆ ಹೂಡಬೇಕು.

ಪಾಲಿನ ಜಗಳಗಳು ಎಲ್ಲವೂ ಕೋರ್ಟಿಗೇ ಹೋಗುವುದಿಲ್ಲ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಸೋಮವಾರಗಳಂದು ಅಣ್ಣತಮ್ಮಂದಿರ ಪಾಲು, ಅಪ್ಪಮಕ್ಕಳ ಮುನಿಸು ಬಗೆಹರಿದದ್ದು ಎಷ್ಟೋ. ಸ್ವಾಮಿಗಳ ಎದುರು ಆಡಿದ ಮಾತಿಗೆ ಜನ ಬೆಲೆ ಕೊಡುತ್ತಾರೆ, ವಕೀಲರ ಫೀಜಿನ ಗೊಡವೆ ಇರುವುದಿಲ್ಲ. ಅಲ್ಲಾಗಲಿ ಊರ ಪಂಚಾಯ್ತಿಯಲ್ಲಾಗಲಿ ಆದ ರಾಜಿ ಮನಸ್ಸುಗಳನ್ನು ಕಟ್ಟುತ್ತದೆ, ಪಹಣಿಯನ್ನು ಬದಲಿಸುವುದಿಲ್ಲ. ರಾಜಿಯಾದ ಬಿಸಿಯಲ್ಲೇ ಪಾಲುಪತ್ರ ನೋಂದಾಯಿಸಬೇಕು, ಅಥವಾ ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್‌ನಲ್ಲಿ ದಾಖಲಿಸಿಕೊಳ್ಳಬೇಕು.

ಈ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಸಂಖ್ಯೆ ದೊಡ್ಡದು. ಸರ್ಕಾರ ಮಂಜೂರು ಮಾಡಿದ ಜಮೀನೂ ಬಹಳ. ಅಂಥ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಬಾರದು ಎಂಬುದು ಎಲ್ಲರಿಗೂ ಗೊತ್ತು. ದಾನವೂ ಆ ಕಾಯ್ದೆಯ ಅರ್ಥದಲ್ಲಿ ‘ಪರಭಾರೆ’ಯೇ ಎಂಬುದು ಕೆಲವರಿಗಷ್ಟೇ ಗೊತ್ತು. ಕುಟುಂಬದೊಳಗಿನ ಪಾಲು ಮತ್ತು ಉಯಿಲನ್ನು ಆ ಅರ್ಥದಿಂದ ಕಾಯ್ದೆಯೇ ಹೊರಗಿಟ್ಟಿದೆ. ಅಂದರೆ ಮಂಜೂರಾದ ಜಮೀನನ್ನು ಮಕ್ಕಳಿಗೆ ದಾಟಿಸಲು ದಾನಪತ್ರ ತೊಡಕಿನ ದಾರಿ, ಪಾಲುಪತ್ರ ಅಥವಾ ಉಯಿಲು ನೇರ ದಾರಿ. ಮಂಜೂರಾತಿ ಆದೇಶದಲ್ಲಿ ಬೇರೆ ಷರತ್ತುಗಳಿರಬಹುದು, ಅದನ್ನು ಓದಿಸಿಕೊಂಡೇ ಮುಂದುವರಿಯಬೇಕು.

ಉಯಿಲು ಬರೆಯುವುದು ಜನ ತಿಳಿದಷ್ಟು ದೊಡ್ಡ ಕೆಲಸವಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಬೇಕೇ ಬೇಕಾದದ್ದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡು ಅವರ ಎದುರಿಗೇ ಸಹಿ ಹಾಕಿದ ಇಬ್ಬರು ಸಾಕ್ಷಿಗಳು. ಮುಂದೆ ಕೋರ್ಟಿನಲ್ಲಿ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕಾಗುತ್ತದೆ. ಹಾಗಾಗಿ ಓರಗೆಯ ಗೆಳೆಯರ ಬದಲು ವಯಸ್ಸಿನಲ್ಲಿ ಕಿರಿಯರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಸಾಕ್ಷಿಗೆ ಕರೆಯಿರಿ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನಿನಂತೆ ಉಯಿಲಿನ ಮೂಲಕ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಕೊಡಲು ಸಾಧ್ಯ.

ಉಯಿಲುಗಳು ಬೀಳುವುದು ಎಲ್ಲಿ ಎಂಬುದಕ್ಕೆ ದೇಶದ ಎಲ್ಲ ಕೋರ್ಟುಗಳೂ ಇವತ್ತಿಗೂ ನೆನೆಯುವ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು: 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇತ್ಯರ್ಥಪಡಿಸಿದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ. ಲಕ್ಷ್ಮಮ್ಮ ಎಂಬ ಮಹಿಳೆಯ ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿ ನಿಂತಿದ್ದರು, ಅವರ ಮಕ್ಕಳಿಗೇ ಅದರಿಂದ ಲಾಭವಿತ್ತು. ಸಹಿ ಆಕೆಯದೇ ಎಂದು ತೋರಿಸಿದರಷ್ಟೇ ಸಾಲದು, ಇಂಥ ಅನುಮಾನಗಳನ್ನು ನಿವಾರಿಸುವ ಹೊಣೆ ಉಯಿಲು ಮುಂದಿಡುವವರದ್ದು ಎಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದರು. ಅರುವತ್ತು ವರ್ಷ ಕಳೆದರೂ ನಾವು ಮಾಡುವುದು ಅದನ್ನೇ. ಜಮೀನು ಪಡೆಯುವ ಮಗನೇ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ, ಮಗನೇ ಪತ್ರ ಬರೆಸುತ್ತಾನೆ, ಮಗನ ಭಾವಮೈದುನ ಸಾಕ್ಷಿ. ಪ್ರಾಮಾಣಿಕ ಉಯಿಲೂ ಈ ಕಾರಣಕ್ಕೆ ಬೀಳಬಹುದು. ಯಾರಿಗೆ ಏಕೆ ಕಡಿಮೆ ಕೊಟ್ಟಿದ್ದೇನೆ ಎಂದು ಎರಡು ಸಾಲು ಬರೆಯಿರಿ: ‘ಮಗಳಿಗೆ ಇಂಥ ವರ್ಷ ನಿವೇಶನ ಕೊಡಿಸಿದ್ದೇನೆ’, ‘ಚಿಕ್ಕವನ ಓದಿಗೆ ಇಷ್ಟು ಖರ್ಚಾಗಿದೆ’. ವಯಸ್ಸು ಹೆಚ್ಚಿದ್ದರೆ ಅದೇ ದಿನ ಡಾಕ್ಟರರಿಂದ ಒಂದು ಚೀಟಿ ಬರೆಸಿ.

ಬ್ಯಾಂಕಿನ ನಾಮಿನಿ ಬಗ್ಗೆಯೂ ಒಂದು ಮಾತು. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು, ಒಡೆಯನಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು.

ಎಲ್ಲರೂ ಸಾವಿನ ಲೆಕ್ಕ ಹಾಕುತ್ತೇವೆ, ಅದಕ್ಕೆ ಮುಂಚಿನ ಮರೆವಿನ ಲೆಕ್ಕ ಹಾಕುವುದಿಲ್ಲ. ಅರಳುಮರುಳು ಶುರುವಾದ ಅಪ್ಪನ ಪರವಾಗಿ ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಯಾರು ಸಹಿ ಹಾಕಬೇಕು? ಜಿಪಿಎ ಇದೆಯಲ್ಲ ಎನ್ನುತ್ತಾರೆ. ಕರಾರು ಕಾಯ್ದೆಯ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರಪತ್ರ ಅಲ್ಲಿಗೇ ಮುಗಿಯಿತು. ಸತ್ತರಂತೂ ಮುಗಿದೇ ಹೋಯಿತು. ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಕೈಕೊಡುವ ಕಾಗದ ಅದು. ಮರೆವಿನ ಕಾಯಿಲೆಯ ಹಿರಿಯರಿಗೆ ಪೋಷಕರನ್ನು ನೇಮಿಸುವ ಸರಳ ಕಾನೂನು ನಮ್ಮಲ್ಲಿ ಇನ್ನೂ ಬಂದಿಲ್ಲ, ಹೈಕೋರ್ಟಿಗೆ ರಿಟ್ ಹಾಕಬೇಕಾಗುತ್ತದೆ. ಹೊಳಲ್ಕೆರೆಯ ಸಣ್ಣ ಹಿಡುವಳಿದಾರನಿಗೆ ಅದು ಆಗುವ ಮಾತೇ? ದೈನಂದಿನ ಹಣಕ್ಕಾದರೂ ಹೆಂಡತಿಯ ಜೊತೆ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಟ್ಟರೆ ಅಷ್ಟರ ಮಟ್ಟಿಗೆ ನಿಶ್ಚಿಂತೆ.

ಆಸ್ಪತ್ರೆಯ ಕೊನೆಯ ದಿನಗಳ ಬಗ್ಗೆ ಮೊದಲೇ ಬರೆದಿಡುವ ಪತ್ರವೂ ಈಗ ಕಾನೂನುಬದ್ಧ. 2018ರ ಮಾರ್ಚ್ 9ರ ತೀರ್ಪು ಅದಕ್ಕೆ ದಾರಿ ತೆರೆಯಿತು, 2023ರಲ್ಲಿ ವಿಧಾನ ಸರಳವಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಗುಣವಾಗುವ ಆಸೆ ಇಲ್ಲದಾಗ ಜೀವರಕ್ಷಕ ಯಂತ್ರಗಳನ್ನು ಮುಂದುವರಿಸಬೇಡಿ ಎಂದು ಹೇಳುವ ಈ ಹಕ್ಕನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಅದರ ಹಿಂದೆ ದಶಕಗಳ ಕಾಲ ಪತ್ರ ಬರೆದು, ಕಚೇರಿ ಅಲೆದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. 1997ರವರೆಗೆ ದಾವಣಗೆರೆ ನಮ್ಮ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಈ ಹೆಮ್ಮೆಯಲ್ಲಿ ನಾವೂ ಒಂದು ಪಾಲು ಕೇಳಬಹುದು. ಪಾಲು ಕೇಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲವಲ್ಲ.

ಇನ್ನು ಎಲ್ಲ ಕೈಮೀರಿದ ಮೇಲೆ ಎಸಿ ಕೋರ್ಟು. ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಎಲ್ಲರ ಮೇಲೂ ಅರ್ಜಿ ಹಾಕಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿಗೆ ವಾರಸುದಾರರಾಗುವ ನೆಂಟರ ಮೇಲೂ ಹಾಕಬಹುದು. ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟ 90 ದಿನಗಳಲ್ಲಿ ಇತ್ಯರ್ಥವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತೀರ್ಪು ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ. ಕಾಯ್ದೆ ಮಾಸಾಶನಕ್ಕೆ 10,000 ರೂಪಾಯಿಯ ಮಿತಿ ಹಾಕಿದೆ. ಹೆಚ್ಚು ಬೇಕಾದವರು ಇದರ ಬದಲು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಹೊಸ ದಂಡ ಪ್ರಕ್ರಿಯೆ ಸಂಹಿತೆಯ 144ನೇ ಕಲಂ ಅಡಿ ಹೋಗಬಹುದು, ಅಲ್ಲಿ ಮಿತಿಯಿಲ್ಲ. ಎರಡೂ ಕಡೆ ಒಟ್ಟಿಗೆ ಆಗದು. ಒಂದು ಎಚ್ಚರಿಕೆ: ಮಗನ ಮೇಲಿನ ಸಿಟ್ಟಿಗೆ ಸೊಸೆಯನ್ನು ಮನೆಯಿಂದ ಹೊರಹಾಕಿಸುವ ಅಸ್ತ್ರವಾಗಿ ಈ ಕಾಯ್ದೆಯನ್ನು ಬಳಸಲಾಗದು ಎಂದು ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆಕೆಗೆ ವಾಸದ ಹಕ್ಕು ಬೇರೊಂದು ಕಾನೂನಿನಲ್ಲಿದೆ.

ಅಕ್ಟೋಬರ್ 1 ಬಂದರೆ ಹಿರಿಯ ನಾಗರಿಕರ ದಿನದ ಕಾನೂನು ಅರಿವು ಕಾರ್ಯಕ್ರಮಗಳು ನಡೆಯುತ್ತವೆ. ದೀಪ ಬೆಳಗಿ, ಶಾಲು ಹೊದಿಸಿ, ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತು. ಕೇಳಲು ಬಂದವರಲ್ಲಿ ಪ್ರಶ್ನೆ ಕೇಳಿದವರು ಯಾರು? ಅರಿವು ಬೇಕಾದ ಜಾಗ ನಾಡಕಚೇರಿಯ ಸಾಲು, ಪತ್ರ ಬರಹಗಾರರ ಮೇಜು. ಹಿರಿಯರು ದಾನಪತ್ರಕ್ಕೆ ಬಂದಾಗ ‘ನೋಡಿಕೊಳ್ಳುವ ಷರತ್ತು ಸೇರಿಸಬೇಕೇ’ ಎಂದು ಕೇಳುವ ಒಂದು ಹಾಳೆಯನ್ನು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ಅಂಟಿಸಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೆಚ್ಚು ಖರ್ಚಾಗದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಫೋನಿನಲ್ಲಾದರೆ ಕಾನೂನು ನೆರವಿಗೆ 15100, ಹಿರಿಯರ ಸಹಾಯವಾಣಿ 14567.

ಹಾಸಿಗೆ ಹಿಡಿದವರು ಕಚೇರಿಗೆ ಹೋಗಲಾರರೆಂದು ಉಯಿಲಿನ ನೋಂದಣಿ ಬಿಡಬೇಕಾಗಿಲ್ಲ. ತಕ್ಕ ಕಾರಣ ತೋರಿಸಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ನೋಂದಾಯಿಸಲು ಕಾನೂನಿನಲ್ಲಿ ಅವಕಾಶವಿದೆ. ಬಂದಾಗ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿಸಿಕೊಳ್ಳಿ. ಓದುವಷ್ಟು ಹೊತ್ತು ಪಾಲು ಪಡೆಯುವ ಮಕ್ಕಳು ಆ ಕೋಣೆಯಲ್ಲಿ ಇರದಿದ್ದರೆ ಉಯಿಲಿಗೇ ಒಳ್ಳೆಯದು.